ಆರನೇ ಮೇಜು

ಭಾನುವಾರದ ಫಂಕ್ಷನ್ನಿನವರು ಬಿಟ್ಟುಹೋದದ್ದನ್ನು ಸೋಮವಾರ ಬೆಳಿಗ್ಗೆ ನೋಡಬೇಕಲ್ಲ ಎಂದು ನೆನೆದರೇ ಪಂಚಮಿಗೆ ಹಿಂದಿನ ರಾತ್ರಿಯ ಊಟ ಸೇರುತ್ತಿರಲಿಲ್ಲ. ಕಿಟಕಿಯ ಸಂದಿಯಲ್ಲಿ ಎಲೆಅಡಿಕೆ ಉಗುಳು. ಕೈತೊಳೆಯುವ ತೊಟ್ಟಿಯಲ್ಲಿ ಊದಿಕೊಂಡ ಅನ್ನದಗುಳು. ಪವಿತ್ರಾಳ ಕೀಬೋರ್ಡಿನ ಮೇಲೆ ಯಾವುದೋ ಮಗು ಒರೆಸಿದ ಜಿಲೇಬಿ ಪಾಕ, ಅದಕ್ಕೆ ಮುತ್ತಿದ ಇರುವೆ. ಒಮ್ಮೆಯಂತೂ ವಿಮೆ ಏಜೆಂಟ್ ವಿಷ್ಣುಮೂರ್ತಿಗಳ ಡ್ರಾಯರಿನಲ್ಲಿ ಅರ್ಧ ತಿಂದ ಚಿರೋಟಿ ಸಿಕ್ಕಿತ್ತು, ಅದರ ಪಕ್ಕದಲ್ಲೇ ಯಾರದೋ ಹಲ್ಲುಸೆಟ್ಟು.

"ತಿಂತಾ ತಿಂತಾ ಸುಸ್ತಾಗಿ ಬಿಚ್ಚಿಟ್ಟು ಹೋಗಿದಾರೆ ಮಾರಾಯ್ತಿ," ಎಂದಿದ್ದರು ವಿಷ್ಣುಮೂರ್ತಿ. "ವಾಪಸ್ ಬರ್ತಾರೆ ಬಿಡು. ಅವ್ರಿಗೊಂದು ಪಾಲಿಸಿ ಮಾಡಿಸ್ತೀನಿ." ಯಾರೂ ಬರಲಿಲ್ಲ. ಆ ಹಲ್ಲುಸೆಟ್ಟನ್ನು ಪೇಪರಿನಲ್ಲಿ ಸುತ್ತಿ ಎಸೆದವಳು ಕಸ ಗುಡಿಸುವ ಸಿದ್ದಮ್ಮ.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಆ ಸಮುದಾಯ ಭವನಕ್ಕೆ ಎರಡು ಮುಖ. ಶನಿವಾರ, ಭಾನುವಾರ ನಾಮಕರಣ, ನಿಶ್ಚಿತಾರ್ಥ, ತಿಥಿಯೂಟ. ಉಳಿದ ಐದು ದಿನ ಕೆಲಸದ ಮೇಜುಗಳು. ಮೇಜಿನ ಯೋಚನೆ ಪಂಚಮಿಯದೇ. ಊರಿನಲ್ಲಿ ಕೆಲಸ ಇದ್ದೂ ಕೂರಲು ಜಾಗವಿಲ್ಲದವರು ಎಷ್ಟೊಂದು ಜನ. ವಿಷ್ಣುಮೂರ್ತಿ ಸ್ಕೂಟರಿನ ಸೀಟಿನ ಮೇಲೆ ಫಾರಂ ತುಂಬಿಸುತ್ತಿದ್ದರು. ಪವಿತ್ರಾ ಲಗ್ನಪತ್ರಿಕೆ ಟೈಪು ಮಾಡುವ ಕಂಪ್ಯೂಟರನ್ನು ಅಡುಗೆಮನೆಯಲ್ಲಿಟ್ಟುಕೊಂಡು ಒಗ್ಗರಣೆ ಹೊಗೆಗೆ ಕೆಮ್ಮುತ್ತಿದ್ದಳು. ಎಲ್ಲರಿಗೂ ಸೇರಿ ಒಂದು ಫೋನು, ಒಂದು ಪ್ರಿಂಟರು, ಒಂದು ದೊಡ್ಡ ಫ್ಯಾನು, ಆಳಿಗೊಂದು ಮೇಜು. ಇದನ್ನು ಹಚ್ಚಿಕೊಂಡು ಪಂಚಮಿ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕೆಲಸವನ್ನೇ ಬಿಟ್ಟಿದ್ದಳು.

ಭವನದ ಅಧ್ಯಕ್ಷರು ಓಂಕಾರಮೂರ್ತಿ. ಜಾವಳಿ ಕಡೆ ತೋಟ, ಬಿಳಿ ಅಂಗಿ, ಮೆಲುಮಾತು. "ಆರು ಮೇಜು ತುಂಬ್ಸಿ ತೋರ್ಸಮ್ಮ, ಜನವರಿ ಮುಗಿಯೋದ್ರೊಳ್ಗೆ," ಎಂದು ಹಿಂದಿನ ವರ್ಷವೇ ಹೇಳಿದ್ದರು. "ಇಲ್ದಿದ್ರೆ ವಾರಪೂರ್ತಿ ಫಂಕ್ಷನ್ನಿಗೇ ಕೊಡೋದು. ಕಮಿಟಿಯವ್ರಿಗೆ ನಾನೂ ಉತ್ರ ಹೇಳ್ಬೇಕಲ್ಲ."

ಎರಡು ಸಾವಿರದ ನಾಲ್ಕನೇ ಇಸವಿಯ ಆ ಜನವರಿಯಲ್ಲಿ ಐದು ಮೇಜು ತುಂಬಿದ್ದವು. ಆರನೆಯದಕ್ಕೆ ಜನ ಬೇಕಿತ್ತು, ಇನ್ನೊಂದೇ ವಾರ ಉಳಿದಿತ್ತು. ಆಗ ಶುರುವಾಯಿತು ಆ ವಾಸನೆ.

ಭಾನುವಾರ ಅಕಾಲದ ಮಳೆ ಸುರಿದಿತ್ತು. ಕಾಫಿ ಕೊಯ್ಲಿನ ಕಾಲದ ಮಳೆ, ಹಣ್ಣು ಕಣದಲ್ಲಿ ಹರಡಿಟ್ಟವರೆಲ್ಲ ಬಾಯಿ ಬಡಿದುಕೊಂಡಿದ್ದರು. ಮಂಗಳವಾರ ಭವನದ ಬಾಗಿಲು ತೆಗೆದಾಗ ಒಳಗಿನ ಗಾಳಿ ಮುಖಕ್ಕೆ ಒದ್ದೆ ಬಟ್ಟೆಯಂತೆ ಬಡಿಯಿತು. ಬುಧವಾರ ಪವಿತ್ರಾ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಟೈಪು ಮಾಡಿದಳು. ಗುರುವಾರ ಮಧ್ಯಾಹ್ನ ಬುತ್ತಿ ಬಿಚ್ಚಿದವರು ಯಾರೂ ಪೂರ್ತಿ ತಿನ್ನಲಿಲ್ಲ.

"ಇಲಿ ಸತ್ತಿದೆ," ಎಂದರು ವಿಷ್ಣುಮೂರ್ತಿ. ಎಲ್ಲರೂ ಒಪ್ಪಿದರು. ಬೀರು ಎಳೆದರು, ಜಮಖಾನೆ ಕೊಡವಿದರು, ಫಾಲ್ಸ್ ಸೀಲಿಂಗಿನ ಹಲಗೆ ಎತ್ತಿ ನೋಡಿದರು. ಇಲಿಯ ಹಿಕ್ಕೆ ಬಿದ್ದವೇ ಹೊರತು ಇಲಿ ಬೀಳಲಿಲ್ಲ.

ಇಲಿ ಇಲ್ಲ ಎಂದ ಮೇಲೆ ಉಳಿದದ್ದು ಕಕ್ಕಸು. ಪಂಚಮಿ ಹೋಗಿ ಸಿದ್ದಮ್ಮನ ಮುಂದೆ ನಿಂತಳು. ಸಿದ್ದಮ್ಮ ಬೆಳಿಗ್ಗೆ ಭವನ ಗುಡಿಸಿ ಒರೆಸುವವಳು. ಕೊಯ್ಲಿನ ದಿನಗಳಲ್ಲಿ ಮಧ್ಯಾಹ್ನದ ಮೇಲೆ ತೋಟಕ್ಕೆ ಹೋಗುತ್ತಿದ್ದಳು.

"ಸಿದ್ದಮ್ಮ, ನೀನು ಸರಿಯಾಗಿ ತೊಳೀತಿದ್ದೀಯಾ?"

"ತೊಳ್ದಿದೀನಲ್ಲಕ್ಕ."

"ಮತ್ತೆ ಈ ನಾತ ಎಲ್ಲಿಂದ ಬರತ್ತೆ? ಇನ್ನೊಂದ್ಸಲ ತೊಳಿ. ಫಿನಾಯಿಲ್ ಜಾಸ್ತಿ ಹಾಕು."

ಸಿದ್ದಮ್ಮ ಏನೋ ಹೇಳಹೊರಟವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಕೆಟ್ ಎತ್ತಿದಳು. ಅವತ್ತು ನಾಲ್ಕು ಸಲ ತೊಳೆದಳು. ಫಿನಾಯಿಲಿನ ಮೇಲೆ ಆ ನಾತ, ನಾತದ ಮೇಲೆ ಊದುಬತ್ತಿ. ಮೂರೂ ಸೇರಿ ಗಂಟಲಿನಲ್ಲಿ ಎಣ್ಣೆ ಸವರಿದಂತೆ ನಿಂತಿತು.

ಶುಕ್ರವಾರ ಬೊಮ್ಮಯ್ಯ ಬಂದರು. ಚಿಕ್ಕನಾಯಕನಹಳ್ಳಿ ಕಡೆಯವರು, ಜಮೀನಿನ ನಕ್ಷೆ ಬರೆಯುವವರು, ಊರಿಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ಬಾಡಿಗೆ ಮನೆಯಲ್ಲಿ ಬೆಳಕು ಸಾಲದು, ದೊಡ್ಡ ಮೇಜು ಬೇಕು ಎಂದಿದ್ದರು. ಪಂಚಮಿಗೆ ಅವರೇ ಆರನೆಯವರು. ಬಾಗಿಲಲ್ಲೇ ಅವರು ತಲೆ ಹಿಂದಕ್ಕೆಳೆದುಕೊಂಡರು.

"ಒಂದು ಇಲಿ ಸತ್ತಿದೆ ಸಾರ್. ಇವತ್ತೋ ನಾಳೆಯೋ ಸಿಗತ್ತೆ," ಎಂದಳು ಪಂಚಮಿ ನಗುತ್ತ.

"ಇಲಿ ಅಲ್ಲ ಕಣ್ರೀ ಇದು. ಹುಳಿ ವಾಸ್ನೆ. ಏನೋ ಹಣ್ಣು ಕೊಳೆತೈತೆ." ಬೊಮ್ಮಯ್ಯ ಮೂಗು ಮುಂದೆ ಮಾಡಿಕೊಂಡೇ ನಡೆದರು. ವೇದಿಕೆಯ ಬುಡದಲ್ಲಿದ್ದ ಗಾಳಿಕಿಂಡಿಯ ಮುಂದೆ ಮಂಡಿಯೂರಿದರು. "ಇಲ್ಲಿಂದ ಬರ್ತೈತೆ. ನಿಮ್ಗೆ ಯಾರಿಗೂ ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಡಿಸೆಂಬರ್ ಬಂತೆಂದರೆ ಊರಿಗೂರೇ ಅದೇ ವಾಸನೆ. ತೋಟದ ಕಣಗಳಿಂದ, ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರು ಹರಿಯುವ ಹಳ್ಳಗಳಿಂದ, ಹಣ್ಣು ತುಂಬಿದ ಜೀಪುಗಳಿಂದ ಕಾಫಿ ಹುಳಿಯಾಗುವ ವಾಸನೆ ಮೂಗಿಗೆ ಹೊಕ್ಕು ಮನೆಮಾಡಿಕೊಂಡಿರುತ್ತದೆ. ಅದನ್ನು ಯಾರೂ ವಾಸನೆಯೆಂದು ಲೆಕ್ಕಕ್ಕೇ ಇಡುವುದಿಲ್ಲ. ಅದಕ್ಕೇ ಅವರೆಲ್ಲ ನಾಲ್ಕು ದಿನ ಇಲಿ ಹುಡುಕಿದ್ದರು.

ಪಂಚಮಿ ಟಾರ್ಚ್ ತಂದು ಕಿಂಡಿಯೊಳಗೆ ಬೆಳಕು ಬಿಟ್ಟಳು. ವೇದಿಕೆಯ ಕೆಳಗೆ ಹಳೇ ನಾಟಕದ ಪರದೆ ಇಡುವ ಒಂದು ಗೂಡು. ಅದಕ್ಕೆ ಹಿತ್ತಲ ಕಡೆ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೈ ಅಧ್ಯಕ್ಷರ ಹತ್ತಿರ. ಒಳಗೆ ಗೋಣಿಚೀಲಗಳು, ಒಂದರ ಮೇಲೊಂದು. ಚೀಲದ ಮೈಮೇಲೆ ಬೂದುಬಣ್ಣದ ತುಪ್ಪುಳು ಬೆಳೆದಿತ್ತು. ಹೊಲಿಗೆಯಿಂದ ಕಂದು ರಸ ಜಿನುಗಿ ನೆಲದಲ್ಲಿ ಗಟ್ಟಿ ಕೆನೆ ಕಟ್ಟಿತ್ತು. ಆ ಕೆನೆ ಅಲ್ಲಾಡುತ್ತಿತ್ತು. ದಿಟ್ಟಿಸಿ ನೋಡಿದಳು. ಹುಳ. ಅಕ್ಕಿಕಾಳಿನಂಥ ಬಿಳಿ ಹುಳ, ಲೆಕ್ಕವಿಲ್ಲದಷ್ಟು. ಅವುಗಳ ನಡುವೆ ಚೀಲದ ಮೇಲಿನ ಕೆಂಪು ಗುರುತು ಸ್ಪಷ್ಟವಾಗಿ ಕಂಡಿತು: ಓಂ. ಓಂಕಾರಮೂರ್ತಿಯವರ ತೋಟದ್ದು.

ಆ ವೇದಿಕೆಯ ನೇರ ಮೇಲೆ, ಗೋಡೆಯಲ್ಲಿ, ಹಸಿರು ಬಣ್ಣದ ಬೋರ್ಡು. "ಭವನದೊಳಗೆ ಕಾಫಿ, ಮೆಣಸು, ಅಡಿಕೆ ಇಡಕೂಡದು." ಬರೆಸಿದವರು ಅಧ್ಯಕ್ಷರೇ. ಎರಡು ವರ್ಷದ ಹಿಂದೆ ಬಾಳೂರಿನ ಕೆಂಚಯ್ಯ ಮಳೆಗೆ ಹೆದರಿ ಎರಡು ಚೀಲ ಮೆಣಸು ತಂದು ಮೂಲೆಯಲ್ಲಿಟ್ಟಾಗ, ನಾಲ್ಕು ಜನರೆದುರು ಅವನಿಂದಲೇ ಹೊರಿಸಿ ಹೊರಗೆ ಹಾಕಿಸಿದ್ದರು.

ಬೊಮ್ಮಯ್ಯ ಎದ್ದು ಮಂಡಿ ಒರೆಸಿಕೊಂಡರು. "ಇದನ್ನ ತೆಗ್ಸಿ. ತೆಗೆಸಿದ್ರೆ ಸೋಮವಾರ ಬಂದು ಕೂರ್ತೀನಿ," ಎಂದು ಹೇಳಿ ಹೊರಟರು.

ಶನಿವಾರ ಓಂಕಾರಮೂರ್ತಿಯವರೇ ಬಂದರು. ಮರುದಿನ ಅವರ ಮೊಮ್ಮಗಳ ನಾಮಕರಣ ಅಲ್ಲೇ ಇತ್ತು. ಹೂವಿನ ಅಲಂಕಾರ ನೋಡುತ್ತ ನಿಂತವರಿಗೆ ಪಂಚಮಿ ಮೆಲ್ಲಗೆ ವಿಷಯ ತಿಳಿಸಿದಳು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಮಳೆ ಬಂತಲ್ಲಮ್ಮ, ಎಲ್ಲಿ ಹರಡ್ಲಿ? ಎರಡು ದಿನಕ್ಕೆ ಅಂತ ಇಡ್ಸಿದ್ದೆ. ಆಮೇಲೆ ಆಳು ಸಿಗ್ಲಿಲ್ಲ, ಈ ಫಂಕ್ಷನ್ ಗಡಿಬಿಡಿ ಬೇರೆ. ಸೋಮವಾರ ರಾತ್ರಿ ಜೀಪು ಕಳಿಸ್ತೀನಿ. ಅಲ್ಲಿವರ್ಗೂ ನಿನ್ನ ಬಾಯಿಂದ ಹೊರಗೆ ಬರೋದು ಬೇಡ."

"ಸಾರ್, ನಾಳೆ ಊಟಕ್ಕೆ ಇನ್ನೂರು ಜನ..."

"ಕಕ್ಕಸು ಅಂದ್ಬಿಡು. ಎಲ್ಲರೂ ನಂಬ್ತಾರೆ." ಅವರು ಒಂದು ಸೇವಂತಿಗೆಯನ್ನು ಸರಿಪಡಿಸಿದರು. "ನಿನ್ನ ಮೇಜಿನ ವಿಷ್ಯ ನಾನು ನೋಡ್ಕೋತೀನಿ. ಆರು ಇರ್ಲಿ, ಐದು ಇರ್ಲಿ. ಕಮಿಟಿಯವ್ರು ನನ್ನ ಮಾತು ತೆಗೆದುಹಾಕಲ್ಲ."

ಪಂಚಮಿ ಹೂಂ ಅಂದಳು. ಅಂದಮೇಲೆ ಬಾಯಿಗೆ ಏನೋ ಜಿಡ್ಡು ಬಂದಂತಾಗಿ ನಲ್ಲಿಯ ಹತ್ತಿರ ಹೋಗಿ ಮುಕ್ಕಳಿಸಿದಳು. ಹೋಗಲಿಲ್ಲ.

ಭಾನುವಾರ ಮಧ್ಯಾಹ್ನ ಮೊದಲ ಪಂಕ್ತಿ ಕೂತಿತು. ಬಿಸಿಲೇರಿದಂತೆ ನಾತವೂ ಏರಿತು. ಕೋಸಂಬರಿಯ ಮೇಲೆ, ಪಾಯಸದ ಮೇಲೆ ಸಣ್ಣ ಕಪ್ಪು ನೊಣಗಳು ಮೋಡದಂತೆ ಕವಿದವು. ಜನ ಒಂದು ಕೈಯಲ್ಲಿ ಬೀಸುತ್ತ, ಇನ್ನೊಂದು ಕೈಯಲ್ಲಿ ತಿನ್ನುತ್ತ ಇದ್ದರು. ಮೂಗು ಮುಚ್ಚಿಕೊಂಡೂ ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳುವವರನ್ನು ಕಂಡು ಪಂಚಮಿಗೆ ಅಸಹ್ಯವಾಯಿತು.

ಅಧ್ಯಕ್ಷರ ಅಕ್ಕ ಅಣ್ಣಮ್ಮನವರು ರೇಷ್ಮೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಎಲೆ ಬಿಟ್ಟು ಎದ್ದರು. "ಏನೋ ಓಂಕಾರ ಇದು? ಹೆಣ ಇಟ್ಕೊಂಡು ಊಟ ಹಾಕ್ತಿದ್ದೀಯಾ?"

"ಕಕ್ಕಸು ಅಕ್ಕ," ಎಂದರು ಅವರು, ಎಲ್ಲರಿಗೂ ಕೇಳುವಂತೆ. "ಆ ಸಿದ್ದಮ್ಮನಿಗೆ ಎಷ್ಟು ಹೇಳಿದ್ರೂ ಅಷ್ಟೆ. ಅವ್ರಿಗೆ ನಾತ ಅಂದ್ರೇನು ಅಂತ್ಲೇ ಗೊತ್ತಾಗಲ್ಲ. ನಾಳೆಯಿಂದ ಬೇರೆಯವ್ರನ್ನ ಇಡೋದು. ಅಲ್ವಾ ಪಂಚಮಿ?"

"ಹೌದು ಸಾರ್," ಎಂದಳು ಪಂಚಮಿ.

ಅಂದು ತಿರುಗಿದರೆ, ಹಿತ್ತಲ ಬಾಗಿಲಲ್ಲಿ ಎಂಜಲೆಲೆಯ ಬುಟ್ಟಿ ಹಿಡಿದು ಸಿದ್ದಮ್ಮ ನಿಂತಿದ್ದಳು.

ಪಂಚಮಿ ಅವಳನ್ನು ದಾಟಿಕೊಂಡು ಹಿತ್ತಲಿಗೆ ಓಡಿದಳು. ಬಾಳೆಗಿಡದ ಬುಡದಲ್ಲಿ ಬಗ್ಗಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಕಕ್ಕಿದಳು. ಕಣ್ಣಲ್ಲಿ ನೀರು ಬಂತು. ಎದ್ದಾಗ ಪಕ್ಕದಲ್ಲಿ ಒಂದು ಚೊಂಬು ನೀರಿತ್ತು. ಇಟ್ಟವಳು ಆಗಲೇ ಬುಟ್ಟಿ ಖಾಲಿ ಮಾಡುತ್ತಿದ್ದಳು.

"ಸಿದ್ದಮ್ಮ, ಅದು ಕಕ್ಕಸಲ್ಲ."

"ಗೊತ್ತು. ಮಂಗ್ಳಾರನೇ ಗೊತ್ತಾಯ್ತು. ಹಣ್ಣು ಚೀಲ್ದಲ್ಲೇ ಬೆಂದು ಕೊಳೆತ್ರೆ ಹೆಂಗಿರತ್ತೆ ಅಂತ ನಂಗೆ ಗೊತ್ತಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ? ನಾಲ್ಕು ನಾಲ್ಕು ಸಲ ತೊಳ್ಸಿದೀನಲ್ಲ ನಿನ್ನ ಹತ್ರ."

"ಅವ್ರ ಚೀಲ. ನಾನು ಹೇಳಿದ್ರೆ ನಡಿಯತ್ತಾ?" ಸಿದ್ದಮ್ಮ ಬುಟ್ಟಿಯ ತಳ ಬಡಿದಳು. "ನಿಮ್ಗೂ ಗೊತ್ತಿತ್ತಲ್ಲ. ನೀವೂ ಹೇಳ್ಲಿಲ್ಲ."

ಪಂಚಮಿ ಬಾಯಿ ಒರೆಸಿಕೊಂಡಳು. ಅವಳ ಮೇಜುಗಳು ಒಳಗೆ ಗೋಡೆಗೆ ತಾಗಿ ನಿಂತಿದ್ದವು, ಮೇಲೆ ಯಾರೋ ಬಾದಾಮಿ ಹಾಲಿನ ಲೋಟಗಳನ್ನು ಜೋಡಿಸಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಅವು ಅಲ್ಲೇ ಇರುತ್ತವೆ. ದಿನಾ ಬೆಳಿಗ್ಗೆ ಬಂದು ಅಲ್ಲಿ ಕೂರಬೇಕು. ಅದೇ ಗಾಳಿ. ಹೊಸಬಳು ಯಾರೋ ನೆಲ ಒರೆಸುತ್ತಿರುತ್ತಾಳೆ.

"ಆ ಬೀಗ ಒಡೀಬಹುದಾ?" ಎಂದು ಕೇಳಿದಳು.

"ಬೀಗ ಯಾಕೆ ಒಡೀತೀರಿ. ಕೀಲು ಹೋಗಿ ಎಷ್ಟೋ ವರ್ಷ ಆಯ್ತು. ಈ ಕಡೆಯಿಂದ ಎತ್ತಿದ್ರೆ ಬಾಗ್ಲೇ ಕೈಗೆ ಬರತ್ತೆ."

ಬಂತು. ಬಾಗಿಲಿನ ಜೊತೆಗೇ ಒಳಗಿನ ಬಿಸಿ ಹೊರಗೆ ಬಂತು, ಕುದಿಯುವ ಹಂಡೆಯ ಮುಚ್ಚಳ ತೆಗೆದಂತೆ. ಪಂಚಮಿ ಒಂದು ಚೀಲದ ಕಿವಿ ಹಿಡಿದು ಎಳೆದಳು. ಬೆರಳು ಗೋಣಿಯೊಳಗೇ ಇಳಿಯಿತು, ಮೆತ್ತಗೆ, ಬೆಚ್ಚಗೆ. ರಸ ಮೊಣಕೈಯವರೆಗೆ ಹರಿಯಿತು. ಹುಳಗಳು ಸೀರೆಯ ನೆರಿಗೆಯ ಮೇಲೆ ಉದುರಿದವು. ಅವಳು ಬಿಡಲಿಲ್ಲ. ಹಿತ್ತಲು ಸುತ್ತಿಸಿ, ದಾರಿಯುದ್ದಕ್ಕೂ ಕಂದು ಗೆರೆ ಎಳೆಯುತ್ತ, ಊಟ ಮುಗಿಸಿದವರು ಸಾಲಾಗಿ ಕೈತೊಳೆಯುತ್ತಿದ್ದ ತೊಟ್ಟಿಯ ಎದುರಿಗೆ ತಂದು ಕೆಡವಿದಳು. ಓಂ ಗುರುತು ಮೇಲಾಗಿ ಬಿತ್ತು.

ಕೈತೊಳೆಯುತ್ತಿದ್ದವರು ನಲ್ಲಿ ಬಿಟ್ಟು ಹಿಂದಕ್ಕೆ ಸರಿದರು.

"ಇದು ಸಿದ್ದಮ್ಮನ ಕಕ್ಕಸಿಂದಲ್ಲ," ಎಂದಳು ಪಂಚಮಿ. "ವೇದಿಕೆ ಕೆಳಗಿಂದು. ಇನ್ನೂ ಹನ್ನೊಂದಿದೆ."

ಬಾಳೂರಿನ ಕೆಂಚಯ್ಯ ಒದ್ದೆ ಕೈಯಲ್ಲೇ ಬಗ್ಗಿ ಗುರುತು ನೋಡಿದ. ನಿಧಾನಕ್ಕೆ ಎದ್ದು ಪಂಚೆಗೆ ಕೈ ಒರೆಸಿಕೊಂಡ. "ಓಂಕಾರ," ಎಂದ, "ನನ್ನ ಮೆಣಸಾದ್ರೂ ಒಣಗಿತ್ತು ಮಾರಾಯ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಣ್ಣಮ್ಮನವರು ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು, ತಮ್ಮನ ಕಡೆ ನೋಡದೆ ಹೊರಗೆ ಹೋದರು. ಓಂಕಾರಮೂರ್ತಿಯವರು ಚೀಲವನ್ನು ನೋಡಲಿಲ್ಲ, ಪಂಚಮಿಯನ್ನು ನೋಡಿದರು.

"ನಾಳೆ ಹತ್ತು ಗಂಟೆಯೊಳ್ಗೆ ಮೇಜು ಎತ್ತಿಸ್ಬಿಡು," ಎಂದರು ಅದೇ ಮೆಲುದನಿಯಲ್ಲಿ.

ಸೋಮವಾರ ಹತ್ತಕ್ಕೆ ಮೊದಲೇ ಮೇಜುಗಳು ಹೊರಬಿದ್ದವು. ಜೀಪ್ ಸ್ಟ್ಯಾಂಡಿನ ಎದುರು, ಮುಚ್ಚಿಹೋದ ವಿಡಿಯೋ ಪಾರ್ಲರಿನ ಮಹಡಿ ಕೋಣೆಯನ್ನು ವಿಷ್ಣುಮೂರ್ತಿ ಯಾರನ್ನೋ ಹಿಡಿದು ಕೊಡಿಸಿದ್ದರು. "ನಂಗೇನು, ಹಲ್ಲುಸೆಟ್ಟಿನ ಕಾಟ ತಪ್ಪಿತು," ಎನ್ನುತ್ತ ತಮ್ಮ ಮೇಜನ್ನು ತಾವೇ ಹೊತ್ತರು. ಕೋಣೆಯಲ್ಲಿ ನಾಲ್ಕೇ ಮೇಜು ಹಿಡಿಸಿದವು. ಐದನೆಯದು ಬಾಗಿಲಿಗೆ ಅಡ್ಡ ನಿಂತಿತು. ಬೊಮ್ಮಯ್ಯ ಮೆಟ್ಟಿಲ ತಿರುವಿನಲ್ಲಿದ್ದ ಕಿಟಕಿಯ ಬೆಳಕು ನೋಡಿ, "ನನ್ನ ಮೇಜು ಇಲ್ಲೇ ಹಾಕಿಸ್ರೀ," ಎಂದರು. ಕೆಳಗಿನ ಹೋಟೆಲಿನ ಮೀನು ಕರಿಯುವ ಹೊಗೆ, ಜೀಪಿನ ಡೀಸೆಲ್, ಗೋಡೆಯ ತೇವ ಎಲ್ಲ ನೇರ ಒಳಗೇ ಬರುತ್ತಿದ್ದವು. ಫಂಕ್ಷನ್ ಮಾಡಲು ಜಾಗವಿರಲಿಲ್ಲ. ತಿಂಗಳು ಕಳೆದರೆ ಇದೂ ಉಳಿಯುತ್ತದೋ ಇಲ್ಲವೋ ಪಂಚಮಿಗೆ ಗೊತ್ತಿರಲಿಲ್ಲ.

ಹಿಂಬದಿಯಲ್ಲಿ ಒಂದು ಕಕ್ಕಸು. ವರ್ಷಗಟ್ಟಲೆ ಯಾರೂ ನೀರು ಕಾಣಿಸಿರಲಿಲ್ಲ. ಬಾಗಿಲು ದೂಡಿದವಳೇ ಪಂಚಮಿ ಹಿಂದಕ್ಕೆ ಸರಿದಳು.

ಮಧ್ಯಾಹ್ನ ತೋಟಕ್ಕೆ ಹೋಗುವ ಜೀಪಿಗೆ ಕಾಯುತ್ತಿದ್ದ ಸಿದ್ದಮ್ಮ ಮೆಟ್ಟಿಲು ಹತ್ತಿ ಬಂದು ಇಣುಕಿದಳು. ಭವನದ ಕೆಲಸ ಅವಳಿಗೂ ಹೋಗಿತ್ತು.

"ಇಲ್ಲಿಗೆ ಬರ್ತೀಯಾ ಸಿದ್ದಮ್ಮ?"

"ನಾನು ಬರಲ್ಲ ಅಕ್ಕ. ನನ್ನ ಕೈಲಿ ನಾಲ್ಕು ಸಲ ತೊಳ್ಸಿದ್ರಲ್ಲ, ಅಷ್ಟು ಸಾಕು." ಕೋಪವಿರಲಿಲ್ಲ ಅವಳ ಮಾತಿನಲ್ಲಿ. ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ಹಾಗೇ ಹೋಗದೆ ಬಾಗಿಲಿಗೆ ಒರಗಿ ನಿಂತಳು. "ಪೊರಕೆ ಹಂಗಲ್ಲ, ಬುಡ ಹಿಡ್ಕೊಳ್ಳಿ. ಮೊದ್ಲು ಬರೀ ನೀರು ಹುಯ್ದು ಬಿಡಿ, ನೆನೀಲಿ."

ಪಂಚಮಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೆನ್ನೆ ಉಬ್ಬಿಸಿ, ಕಣ್ಣು ಕಿರಿದು ಮಾಡಿ, ಒಳಗೆ ಕಾಲಿಟ್ಟಳು.

"ಉಸ್ರು ಹಿಡೀಬೇಡಿ," ಎಂದಳು ಸಿದ್ದಮ್ಮ ಹಿಂದಿನಿಂದ. "ಹಿಡಿದ್ರೆ ಆಮೇಲೆ ಅಷ್ಟೂ ಒಟ್ಟಿಗೇ ಒಳಗೆ ಹೋಗತ್ತೆ."