ಹೊಸ್ತಿಲ ಮೇಲಿನ ಪ್ರಾರ್ಥನೆ

ಸವಣೂರಿನ ಆ ಮುಸಲ್ಮಾನರ ಓಣಿಯಲ್ಲಿ ಕ್ರೈಸ್ತರ ಮನೆ ಇದ್ದದ್ದು ಒಂದೇ, ಶಾರವ್ವನದು. ಶುಕ್ರವಾರ ಬಂತೆಂದರೆ ಅವಳ ಪಡಸಾಲೆಯಲ್ಲಿ ಉಪವಾಸ ಪ್ರಾರ್ಥನೆ. ಶಿಗ್ಗಾವಿ, ಹಾನಗಲ್ಲಿನಿಂದ ಬಸ್ಸು ಹತ್ತಿ ಏಳೆಂಟು ಜನ ಬರುತ್ತಿದ್ದರು. ಹೊರಗೆ ಜುಮ್ಮಾ ನಮಾಜಿಗೆ ಹೋಗುವವರು, ಒಳಗೆ ಇವರು. ಮೂವತ್ತು ವರ್ಷದಲ್ಲಿ ಯಾರೂ ಯಾರಿಗೂ ಅಡ್ಡ ಬಂದಿರಲಿಲ್ಲ.

ಈ ಶುಕ್ರವಾರ ಮಾತ್ರ ಪಾಸ್ಟರ್ ಲೋಹಿತ ಬಾಗಿಲು ಮುಂದಕ್ಕೆಳೆದು, ದನಿ ತಗ್ಗಿಸಿ ಶುರು ಮಾಡಿದರು. “ಕರ್ತನೇ, ದೂರದ ಒಂದು ದೇಶದಲ್ಲಿ ನಿನ್ನ ಸೇವೆ ಮಾಡುತ್ತಿರುವ ಒಬ್ಬ ಸಹೋದರಿಯನ್ನು ಕಾಪಾಡು.” ಲೋಹಿತ ಕೆಟ್ಟ ಮನುಷ್ಯರೇನಲ್ಲ, ಆದರೆ ಅಂಜುಬುರುಕರು.

ಶಾರವ್ವನಿಗೆ ಮೈಯೆಲ್ಲ ಉರಿಯಿತು. ಆ ಒಬ್ಬ ಸಹೋದರಿ ಅವಳ ಹೊಟ್ಟೆಯಲ್ಲಿ ಹುಟ್ಟಿದ ಹೇಮಾ. ನೈಜರ್ ಎಂಬ ಮುಸಲ್ಮಾನರ ದೇಶದಲ್ಲಿ ಮಿಷನ್ ಆಸ್ಪತ್ರೆಯ ನರ್ಸು. ಅಲ್ಲಿ ಸೈನ್ಯದವರು ಸರ್ಕಾರ ಕಿತ್ತೊಗೆದು ಗಡಿ ಮುಚ್ಚಿ ಇಂದಿಗೆ ಒಂಬತ್ತು ದಿನ. ಒಂಬತ್ತು ದಿನದಿಂದ ಹೇಮಾಳ ಫೋನು ಹತ್ತುತ್ತಿಲ್ಲ.

“ನಿಲ್ಲಸ್ರಿ ಪಾಸ್ಟರ್ರ,” ಎಂದಳು. ಕಣ್ಣು ಮುಚ್ಚಿದ್ದವರೆಲ್ಲ ಕಣ್ಣು ಬಿಟ್ಟರು. “ನನ್ನ ಮಗಳಿಗೆ ಹೆಸರಿಲ್ಲೇನ್ರಿ? ಆ ದೇಶಕ್ಕ ಹೆಸರಿಲ್ಲೇನು?”

“ಕಾಲ ಸರಿ ಇಲ್ರಿ ಶಾರವ್ವಾರ. ಮುಸಲ್ಮಾನರ ದೇಶದಾಗಿನ ಮಿಷನ್ನಿಗೆ ಪ್ರಾರ್ಥನಾ ಮಾಡೋದು ಓಣ್ಯಾಗ ಕೇಳಿದ್ರ ಏನ್ ತಿಳ್ಕೋತಾರ? ದೇವರಿಗೆ ಎಲ್ಲಾ ಗೊತ್ತೈತಿ ಬಿಡ್ರಿ.”

“ದೇವರಿಗೆ ಗೊತ್ತೈತ್ರಿ. ಅಂಜಿಕಿ ನಿಮಗ.” ಎದ್ದವಳೇ ಬಾಗಿಲು ಪೂರಾ ತೆರೆದು ಹೊಸ್ತಿಲಲ್ಲೇ ಮೊಣಕಾಲೂರಿದಳು. “ಕರ್ತನೇ, ನನ್ನ ಹೇಮಾನ ಕಾಯಪ್ಪ. ನೈಜರ್‌ನಾಗಿನ ಆ ದವಾಖಾನಿ ಮುಚ್ಚಗೊಡಬ್ಯಾಡ. ನಿನ್ನ ಸುವಾರ್ತೆ ಅಲ್ಲಿ ಒಬ್ಬೊಬ್ಬರಿಗೂ ಮುಟ್ಟಲಿ. ನನ್ನ ಮಗಳು ಅದಕ್ಕ ಹೋಗ್ಯಾಳ!”

ದಾರಿಯಲ್ಲಿದ್ದ ಇಬ್ಬರು ತಿರುಗಿ ನೋಡಿ ಮುಂದೆ ನಡೆದರು. ಎದುರುಮನೆಯ ಮಾಸೂಮಾ ಮಾತ್ರ ಕಟ್ಟೆಯ ಮೇಲೆ ಹೊಲಿಯುತ್ತಿದ್ದ ಕೌದಿ ಬದಿಗಿಟ್ಟು ನೆಟ್ಟಗೆ ಇತ್ತ ಬಂದಳು. ಪಾಸ್ಟರ್ ಗೋಡೆಯ ಕಡೆ ಸರಿದರು.

“ಅಂದ್ರ ಅಲ್ಲಿ ನಮ್ಮ ಮಂದಿ ನಿಮ್ಮ ದಾರಿಗೆ ಬರ್ಲಿ ಅಂತ ಬೇಡ್ಕೊಳ್ಳಾಕತ್ತೀಯೇನು?” ಎಂದಳು ಮಾಸೂಮಾ.

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಶಾರವ್ವ ಆ ಜಾತಿಯವಳಲ್ಲ. ಎದ್ದು ನಿಂತಳು. “ಹೌದು. ನಿನ್ನ ಸಲುವಾಗೂ ದಿನಾ ಬೇಡ್ಕೊಂತೇನಿ. ಯಾಕ, ನೀ ನನ್ನ ಸಲುವಾಗಿ ಬೇಡ್ಕೊಳ್ಳಂಗಿಲ್ಲೇನು?”

“ಬೇಡ್ಕೊಂತೇನಿ. ಐದೂ ಹೊತ್ತು. ಶಾರವ್ವಗ ಖರೇ ದಾರಿ ತೋರ್ಸು ಅಂತೇನಿ.”

ಇಬ್ಬರು ಹಟಮಾರಿ ಹೆಂಗಸರು ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಮೊದಲು ಕಣ್ಣು ತಗ್ಗಿಸಿದ್ದು ಮಾಸೂಮಾ.

“ಒಂಬತ್ತು ದಿನ ಆತು, ನಿನ್ನ ಹೆಸರು ಬಿಟ್ಟೇನಿ. ಹೇಮಾ ಒಬ್ಬಾಕೀನ್ನ ಉಳಸು ಅಂತ ಕೇಳಾಕತ್ತೇನಿ. ನಾ ಎತ್ತಿ ಆಡಿಸಿದ ಕೂಸು ಅದು.”

ಶಾರವ್ವನ ಕಣ್ಣು ತುಂಬಿದವು. ಒರೆಸಿಕೊಳ್ಳಲಿಲ್ಲ. “ಆಕಿ ಫೋನ್ ಬಂದ ಮ್ಯಾಲ?”

“ಮತ್ತ ನಿನ್ನ ಬೆನ್ನ ಹತ್ತತೇನಿ. ಬಿಟ್ಟೇನಿ ಅಂತ ತಿಳೀಬ್ಯಾಡ.”

“ನಾನೂ ಬಿಡಂಗಿಲ್ಲ,” ಎಂದಳು ಶಾರವ್ವ.

ಮಾಸೂಮಾ ಸೆರಗು ತಲೆಗೆಳೆದುಕೊಂಡು ನಮಾಜಿಗೆ ತನ್ನ ಮನೆಯೊಳಗೆ ಹೋದಳು. ಶಾರವ್ವ ನಿಂತಲ್ಲೇ ಮತ್ತೆ ಮೊಣಕಾಲೂರಿದಳು.