ಜಾಲಿಮರದ ತನಕ ನೀರು

ಎರಡನೆಯ ಗುಂಡಿಯಲ್ಲೂ ನೀರು ಜಿನುಗಿತು. ಬೀರು ಸಲಿಕೆಯನ್ನು ದಂಡೆಗೆಸೆದು ರಾಡಿಯಿಂದ ಮೇಲೆ ಬಂದ. ಸಂಖ ಊರಿನ ಹತ್ತಿರದ ಆ ಕೆರೆ ಈ ಸಲ ದೀವಳಿಗೆಗೇ ತುಂಬಿತ್ತು. ಸತ್ತರೆ ಅಜ್ಜಿಯ ಮಗ್ಗುಲಲ್ಲೇ ಮಣ್ಣು ಮಾಡುತ್ತೇನೆಂದು ತಾನಾಜಿ ತನ್ನ ಅಪ್ಪ ಶಿದ್ರಾಯನಿಗೆ ಮಾತು ಕೊಟ್ಟಿದ್ದ. ಆದರೆ ಅಜ್ಜಿ ಮಲಗಿದ್ದ ಜಾಲಿಮರ ದಂಡೆಯಿಂದ ಹತ್ತು ಮಾರು ಒಳಗೆ, ನೀರಲ್ಲಿ ನಿಂತಿತ್ತು.

ಕುರಿ ಕಾಯುತ್ತಲೇ ಎಪ್ಪತ್ತು ದಾಟಿದ್ದ ಶಿದ್ರಾಯ ಬೇವಿನ ನೆರಳಲ್ಲಿ ಕಂಬಳಿ ಹೊದ್ದು ಮಲಗಿದ್ದ. ಬಂದವರು ಅವನ ಗುಣ ಹೇಳುತ್ತಿದ್ದರು. ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಸವತೆ ಹಾಕಿದವರ ಬಳ್ಳಿಗೆ ಅವನ ಒಂದು ಕುರಿಯೂ ಬಾಯಿ ಹಾಕಿರಲಿಲ್ಲವಂತೆ. ಚಳಿಗೆ ಬಾತುಗಳು ಬಂದಿಳಿದರೆ ನಾಯಿಯನ್ನು ಕಟ್ಟಿಹಾಕುತ್ತಿದ್ದನಂತೆ.

ತಾನಾಜಿ ಮುಚ್ಚಂಡಿ ಊರಿಗೆ ಫೋನು ಹಚ್ಚಿ, ನೀರೆತ್ತುವ ಇಂಜಿನ್ನು ಕಳಿಸಲು ಹೇಳುತ್ತಿದ್ದ. ಸೋದರಮಾವ ಬೀರುವಿಗೆ ಸಾವಿನ ಮನೆಯಲ್ಲೂ ನಗು ತಡೆಯಲಾಗಲಿಲ್ಲ.

“ಕೆರೀನ ಖಾಲಿ ಮಾಡ್ತಿ ಏನೋ?”

“ಮಾತ ಕೊಟ್ಟೀನಿ, ಮಾಮಾ.”

*

ನಲವತ್ತು ವರ್ಷದ ಹಿಂದೆ, ಕೆರೆ ಬತ್ತಿದ್ದ ಬೇಸಿಗೆಯಲ್ಲಿ ಶಿದ್ರಾಯನ ತಾಯಿ ತೀರಿಕೊಂಡಿದ್ದಳು. ಜಾಲಿಯ ತನಕ ನೀರು ಬಂದದ್ದನ್ನು ಯಾರೂ ಕಂಡಿರಲಿಲ್ಲ, ಹಾಗಾಗಿ ಅದರ ಬುಡದಲ್ಲೇ ಮಣ್ಣು ಮಾಡಿದರು. ಮೂರನೆಯ ಮಳೆಗಾಲಕ್ಕೆ ನೀರು ಬಂದೇಬಿಟ್ಟಿತು. ಅತ್ತೆಯನ್ನು ಮುಳುಗಿಸಿದೆವಲ್ಲ ಎಂದು ಶಿದ್ರಾಯನ ಹೆಂಡತಿ ಸಂಗವ್ವ ಅತ್ತಳು. ಶಿದ್ರಾಯ ಮೊಣಕಾಲು ನೀರಲ್ಲಿ ನಿಂತು ಅವಳಿಗೆ ಹೇಳಿದ.

“ಅಳಬ್ಯಾಡ. ಜೀವಮಾನಪೂರ್ತಿ ನೀರ ಹೊತ್ತಾಕಿ ಅಕಿ. ಈಗ ನೀರ ತಾನಾಗಿ ಅಕೀ ಹಂತೇಕ ಬಂದೈತಿ.”

ಅಂದಿನಿಂದ ನೀರು ಜಾಲಿ ಮುಟ್ಟಿದ ವರ್ಷವೆಲ್ಲ ಅವರ ಮನೆಯಲ್ಲಿ ಹೋಳಿಗೆ.

*

ಸಂಗವ್ವ ಗಂಡನ ತಲೆಯ ಹತ್ತಿರದಿಂದ ಎದ್ದುಬಂದು ಮಗನ ಕೈಯಿಂದ ಫೋನು ತೆಗೆದುಕೊಂಡಳು.

“ನಿಮ್ಮಪ್ಪ ವರ್ಷಾ ಬೇಡಿದ್ದು ಈ ನೀರ. ಬಂದದ್ದನ್ನ ಹೊರಗ ಹಾಕಬ್ಯಾಡ. ಮ್ಯಾಲ ದಿಬ್ಬದಾಗ ಕುಣಿ ತಗೀರಿ.”

“ಮತ್ತ ನಾ ಕೊಟ್ಟ ಮಾತ?”

“ಅದನ್ನ ನನಗ ಬಿಡು.”

ದಿಬ್ಬದ ಮಣ್ಣು ಒಣಗಿತ್ತು, ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಬಂದವರು ಸಮಾಧಿಯ ಮೇಲೆ ಅರಿಷಿಣದ ಭಂಡಾರ ಎರಚಿದರು. ಅದರಲ್ಲಿ ಒಂದು ಹಿಡಿಯನ್ನು ಸಂಗವ್ವ ಸೆರಗಿಗೆ ತುಂಬಿಕೊಂಡು ದಂಡೆಗಿಳಿದಳು. ಅತ್ತು ಅತ್ತು ಸಾಕಾಗಿತ್ತು. ಇಂಥ ಮನುಷ್ಯನ ಜೊತೆ ಇಷ್ಟು ವರ್ಷ ಸಿಕ್ಕಿತಲ್ಲ ಎಂದು ಈಗ ಎದೆ ತುಂಬಿಬಂದಿತ್ತು. ಬಾಗಿ ಸೆರಗನ್ನು ನೀರಿಗೆ ಕೊಡವಿದಳು.

ತಾನಾಜಿ ಬಂದು ತಾಯಿಯ ಪಕ್ಕ ನಿಂತ. ಅರಿಷಿಣದ ಪುಡಿ ನೀರ ಮೇಲೆ ಹರಡಿ, ಗಾಳಿ ನೂಕಿದ ಹಾಗೆ ನಿಧಾನ ಒಳಗೆ ಸರಿಯಿತು. ಹತ್ತು ಮಾರು ಹೋಗಿ ಜಾಲಿಯ ಕಾಂಡಕ್ಕೆ ಸುತ್ತಲೂ ಅಂಟಿಕೊಂಡಿತು.