ಮಾರ್ಯುನಜ್ಜಿಯ ಉಗುಳು

ಡುರಿಟಾಳಿಗೆ ಆಟಿಸಂ ಇದೆ ಎಂದು ಗೊತ್ತಾದ ದಿನದಿಂದ ಅವಳ ಇಬ್ಬರು ಅಜ್ಜಿಯರಿಗೆ ಒಂದೇ ಜಟಾಪಟಿ. ಇದು ಯಾರ ಕಡೆಯಿಂದ ಬಂತು? ತಾಯಿಯ ತಾಯಿ ಮಾರ್ಯುನ್, ಬೀಗಿತ್ತಿ ಬಿಲ್ಲಾಳ ಮಾವನ ಕಥೆ ತೆಗೆಯುತ್ತಿದ್ದಳು. ಆತ ಮೊಳೆಗಳನ್ನು ಉದ್ದದ ಪ್ರಕಾರ ಜೋಡಿಸಿಡುತ್ತಿದ್ದ, ಒಂದು ಅತ್ತಿತ್ತ ಆದರೂ ಊಟ ಬಿಡುತ್ತಿದ್ದ. ಬಿಲ್ಲಾ ಕೂಡ ಸುಮ್ಮನಿರುವವಳಲ್ಲ. ಮನುಷ್ಯರಿಗಿಂತ ಕುರಿಗಳೇ ಹೆಚ್ಚಿರುವ ಫಾರೋ ದ್ವೀಪದಲ್ಲಿ ಹುಟ್ಟಿಯೂ ಉಣ್ಣೆ ಕುತ್ತಿಗೆಗೆ ತಾಗಿದರೆ ಹೌಹಾರುವ ಹೆಂಗಸು ಯಾರೆಂದು ಊರಿಗೆಲ್ಲ ಗೊತ್ತು ಎನ್ನುತ್ತಿದ್ದಳು. ಆ ಹೆಂಗಸು ಮಾರ್ಯುನಳೇ.

ಅಷ್ಟರಲ್ಲಿ ರಾಜಧಾನಿ ಟೋರ್ಶಾವ್ನ್‌ನಿಂದ ಡಾಕ್ಟರ್ ಓಲುವಾ ಬಂದಳು. ಅಡುಗೆಮನೆಯಲ್ಲಿ ಕೂತು, ಕಾಫಿ ಕುಡಿಯುತ್ತ ವಿಷಯ ಬಿಡಿಸಿ ಹೇಳಿದಳು. ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಕಡೆ ಸಣ್ಣದೊಂದು ಸಂದು ಇರುತ್ತದೆ. ಆ ಸಂದಿನ ಎರಡೂ ಬದಿಯಿಂದ ಕೈಚಾಚಿ ಒಂದನ್ನೊಂದು ಹಿಡಿದುಕೊಳ್ಳುವ ಪ್ರೋಟೀನುಗಳಿವೆ. ಡುರಿಟಾಳಲ್ಲಿ ಅಂಥ ಒಂದು ಪ್ರೋಟೀನಿನ ಜೀನು ಬದಲಾಗಿದೆ. ಅದು ವಂಶದಲ್ಲಿ ಇಳಿದು ಬಂದದ್ದೋ ನೋಡಬೇಕು, ಆದ್ದರಿಂದ ಮನೆಯವರೆಲ್ಲ ಒಂದೊಂದು ಕೊಳವೆಯಲ್ಲಿ ಉಗುಳಿ ಅಂಚೆಗೆ ಹಾಕಬೇಕು.

ತನ್ನ ಕಡೆಯಿಂದಲೇ ಬಂದದ್ದು ಎಂದಾಗಿಬಿಟ್ಟರೆ ಎಂದು ಮಾರ್ಯುನಳಿಗೆ ಭಯ. ಉಣ್ಣೆಯದೊಂದೇ ಅಲ್ಲ. ಅವಳ ಅಪ್ಪ ಬಂದರಿಗೆ ಬರುವ ಪ್ರತಿಯೊಂದು ದೋಣಿಯನ್ನೂ, ಯಾರೂ ಕೇಳದಿದ್ದರೂ, ನಲವತ್ತು ವರ್ಷ ಬರೆದಿಟ್ಟವನು. ಆ ಪುಸ್ತಕಗಳು ಬಿಲ್ಲಾಳ ಕಣ್ಣಿಗೆ ಬಿದ್ದಿಲ್ಲ ಎನ್ನುವುದೇ ಪುಣ್ಯ. ಅವಳು ಕೊಳವೆಯನ್ನು ಜೇಬಿಗಿಳಿಸಿ, ಲಿಕರಿಶ್ ಮಿಠಾಯಿ ಕೊಡಿಸುವ ನೆಪದಲ್ಲಿ ಮೊಮ್ಮಗಳನ್ನು ಕರೆದುಕೊಂಡು ಅಂಗಡಿಯ ಹನ್ಸಿನಾಳ ಬಳಿ ಹೋದಳು. ಹನ್ಸಿನಾ ಕಾರಣ ಕೇಳಲಿಲ್ಲ. ನಗು ತಡೆದುಕೊಂಡು ಕೊಳವೆಯ ಗೆರೆಯವರೆಗೂ ಉಗುಳಿಕೊಟ್ಟಳು. ಮಾರ್ಯುನ್ ಅದನ್ನೇ ತನ್ನ ಹೆಸರಿನಲ್ಲಿ ಅಂಚೆಗೆ ಹಾಕಿದಳು.

ಎರಡು ತಿಂಗಳ ಮೇಲೆ ಓಲುವಾ ಮತ್ತೆ ಬಂದಳು, ಮುಖ ಸಪ್ಪಗೆ ಮಾಡಿಕೊಂಡು. ದೊಡ್ಡವರಲ್ಲಿ ಮಾರ್ಯುನಳನ್ನೂ ಅವಳ ಮಗಳು, ಡುರಿಟಾಳ ತಾಯಿ ರಾನ್ವಾಳನ್ನೂ ಮಾತ್ರ ಕೂರಿಸಿಕೊಂಡು, ಹೇಗೆ ಹೇಳಲಿ ಎಂದು ತಡವರಿಸಿ, ಕೊನೆಗೆ ಹೇಳಿಯೇಬಿಟ್ಟಳು. ಪರೀಕ್ಷೆಯ ಪ್ರಕಾರ ಮಾರ್ಯುನ್ ರಾನ್ವಾಳ ಹೆತ್ತ ತಾಯಿ ಅಲ್ಲ.

ರಾನ್ವಾ ತಾಯಿಯತ್ತ ತಿರುಗಿದಳು. "ಅಮ್ಮ, ನನ್ನನ್ನ ಎಲ್ಲಿಂದ ತಂದೆ?"

ಮಾರ್ಯುನ್ ಇಕ್ಕಟ್ಟಿಗೆ ಸಿಕ್ಕಿಬಿದ್ದಳು. ನಿಜ ಹೇಳಿದರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಮಗಳೇ ಕೈಬಿಟ್ಟು ಹೋಗುತ್ತಾಳೆ. ಕಿಟಕಿಯ ಬಳಿ ಚಿತ್ರ ಬರೆಯುತ್ತಿದ್ದ ಒಂಬತ್ತು ವರ್ಷದ ಡುರಿಟಾ ತಲೆ ಎತ್ತಲಿಲ್ಲ.

"ಅದು ಅಜ್ಜಿ ಉಗುಳಲ್ಲ," ಎಂದಳು. "ಅಂಗಡಿ ಹನ್ಸಿನಾಂದು. ನಾನೂ ಇದ್ದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಪುಟ್ಟಿ?" ಎಂದಳು ರಾನ್ವಾ.

"ಯಾರೂ ಕೇಳ್ಲಿಲ್ಲ."

ಓಲುವಾ ಕೆಮ್ಮುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಆಮೇಲೆ ಹೊಸ ಕೊಳವೆ ತೆಗೆದು, ತನ್ನ ಕಣ್ಣೆದುರೇ ಉಗುಳಬೇಕೆಂದಳು. ಮಾರ್ಯುನ್ ಉಗುಳಿದಳು. ರಾನ್ವಾ ಮೂರು ದಿನ ತಾಯಿಯ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬಂದು, ಅವಳ ಹೆಗಲಿಗೆ ತಲೆಯಿಟ್ಟು ಬಹಳ ಹೊತ್ತು ಕೂತಳು. ಮಾರ್ಯುನಳಿಗೆ ನಾಚಿಕೆಯಾದದ್ದು ಆಗಲೇ.

ಈ ಸಲದ ಫಲಿತಾಂಶ ಕೇಳಲು ಬಿಲ್ಲಾಳೂ ಬಂದು ಕೂತಿದ್ದಳು. ಆ ಬದಲಾವಣೆ ಅಪ್ಪ ಅಮ್ಮನಲ್ಲೂ ಇಲ್ಲ, ಅಜ್ಜಿಯರಲ್ಲೂ ಇಲ್ಲ, ಡುರಿಟಾಳಲ್ಲೇ ಹೊಸದಾಗಿ ಹುಟ್ಟಿಕೊಂಡದ್ದು ಎಂದಳು ಓಲುವಾ.

"ಹಾಗಾದ್ರೆ ಇದು ನನ್ನದೊಂದೇ?" ಎಂದು ಡುರಿಟಾ ಕೇಳಿದಳು.

"ಈ ಮನೇಲಿ ನಿನ್ನದೊಂದೇ."

ಡುರಿಟಾ ತಲೆಯಾಡಿಸಿ, ಬೂಟು ಹಾಕಿಕೊಂಡು ಹೊರಗೆ ಹೋದಳು. ಅಜ್ಜಿಯರಿಬ್ಬರೂ ಕಾಫಿ ಬಟ್ಟಲು ಹಿಡಿದು ಕೂತೇ ಇದ್ದರು. ಗೆದ್ದವರಿಲ್ಲ, ಸೋತವರಿಲ್ಲ. ಒಂದು ವರ್ಷದ ಜಗಳ ಒಮ್ಮೆಲೇ ಮುಗಿದುಹೋಗಿ ಇಬ್ಬರಿಗೂ ಕೈ ಖಾಲಿಯಾದಂತಾಗಿತ್ತು.

ಬಿಲ್ಲಾ ಕಿಟಕಿಯಾಚೆ ಮೊಮ್ಮಗಳನ್ನು ನೋಡಿದಳು. "ಅದೇನೇ ಇರ್ಲಿ, ಮೂಗು ಮಾತ್ರ ನಮ್ಮ ಕಡೇದು."

ಮಾರ್ಯುನ್ ಬಟ್ಟಲು ಕೆಳಗಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಯಾರು ಹೇಳಿದ್ದು?"